ದಕ್ಷಿಣಕ್ಕೆ ಕದ ಇಟ್ಟವರು

ಅವರ ಕಣ್ಣರೆಪ್ಪೆಗಳ ಮೇಲೆ ಸುಣ್ಣ ಕೂತಿತ್ತು. ಮೀಸೆಯ ಒಂದು ಬದಿ, ಕಿವಿಯ ಮೇಲಿನ ಕೂದಲು, ಮೂಗಿನ ತುದಿ ಎಲ್ಲ ಬೆಳ್ಳಗಾಗಿದ್ದವು. ತಲೆಗೆ ಸುತ್ತಿದ ಹಳೆಯ ಟವೆಲ್ಲಿನ ಕೆಳಗೆ ಕಣ್ಣೆರಡೇ ಕಪ್ಪಗೆ ಉಳಿದಿದ್ದವು. ಯುಗಾದಿಯ ಹಿಂದಿನ ರವಿವಾರ ಅದು. ಬೇಸಿಗೆ ಏರುವ ಮುಂಚೆ ಪ್ರತಿ ವರ್ಷ ಅವರು ಮನೆಯ ಮಾಳಿಗೆಗೆ ಸುಣ್ಣ ಬಳಿಯುತ್ತಿದ್ದರು. ಗೋಡೆಗೆ ಬಳಿಯುವವರನ್ನು ನಮ್ಮ ಇಳಕಲ್ಲಿನ ಜನ ನೋಡಿದ್ದರು. ಕಾಗೆ ಮಾತ್ರ ಬಂದು ಕೂರುವ ಮಾಳಿಗೆಗೆ ಬಳಿಯುವವರನ್ನು ನೋಡಿರಲಿಲ್ಲ. ಅವರ ಮಾಳಿಗೆ, ನನ್ನ ಮಾಳಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು, ನಡುವೆ ಮೊಣಕಾಲೆತ್ತರದ ಕಟ್ಟೆ. ಒಣಹಾಕಿದ ಶಾವಿಗೆ ನೋಡಲು ಮೇಲೆ ಹೋದವನನ್ನು ಅವರು ಕರೆದರು.

"ಏ ತಮ್ಮಾ, ಬಾ ಇಲ್ಲಿ. ಚಪ್ಪಲಿ ಬಿಟ್ಟು ಬಾ."

ಕಟ್ಟೆ ದಾಟಿ ನಿಂತೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು.

"ಕಾಲು ಸುಡತೈತೇನು?"

"ಇಲ್ರಿ, ಅಣ್ಣಾರ."

"ನಿನ್ನ ಮಾಳಗಿ ಮ್ಯಾಲ?"

ನಾನು ಕಟ್ಟೆಯಾಚೆ ಬಿಟ್ಟ ಚಪ್ಪಲಿ ನೋಡಿದೆ.

"ಅಲ್ಲಿ ರೊಟ್ಟಿ ಬಡದು ಹಾಕಿದ್ರ ಉಬ್ಬತೈತಿ ನೋಡು," ಅಂದು ನಕ್ಕರು. ನಗುವಾಗ ರೆಪ್ಪೆಯ ಸುಣ್ಣ ಪುಡಿಯಾಗಿ ಗಲ್ಲದ ಮೇಲೆ ಉದುರಿತು.

ನನಗೆ ಸಿಟ್ಟು ಬಂತು. ಚಪ್ಪಲಿ ಹಾಕಿಕೊಂಡು ಕೆಳಗಿಳಿದೆ. ನನ್ನ ಹೆಂಡತಿ ಅವರಿಗೆಂದು ಚಹಾ ಸೋಸುತ್ತಿದ್ದಳು. ಅದಕ್ಕೂ ಸಿಟ್ಟು ಬಂತು.

ಮರುದಿನ ಮುಂಜಾನೆ ಎಂದಿನ ಬಸ್ಸಿಗೆ ಅವರು ಹುನಗುಂದಕ್ಕೆ ಹೋದರು. ಅಲ್ಲಿಯ ಕಚೇರಿಯೊಂದರಲ್ಲಿ ಕಾಲುವೆ, ಕಟ್ಟಡಗಳ ನಕಾಶೆ ತೆಗೆಯುವುದು ಅವರ ನೌಕರಿ. ಊಟದ ಹೊತ್ತಿಗೆ "ಎದಿ ಹಿಡದಂಗ ಆಗೈತಿ" ಅಂದರಂತೆ, ಸ್ಟೂಲಿನ ಮೇಲೆ ಕೂತರಂತೆ. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ಸಂಜೆ ಕಚೇರಿಯ ಜೀಪಿನಲ್ಲಿ ಮನೆಗೆ ತಂದರು. ಐವತ್ತು ಕೂಡ ತುಂಬಿರಲಿಲ್ಲ.

ಅವರು ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ. ಗುಳೇದಗುಡ್ಡದ ಖಣದ ಮಗ್ಗಗಳ ಮನೆಗೆ ಅವರು ಹಿರಿಯ ಅಳಿಯ, ನಾನು ಕಿರಿಯ. ಆ ಮನೆಗೆ ಗಂಡುಮಕ್ಕಳಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಾವನವರು ಷಡ್ಡಕರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಕೂತು ಆ ಮುಂಬಾಗಿಲನ್ನೇ ನೋಡಿದರು. ಆ ಬಾಗಿಲು ದಕ್ಷಿಣಕ್ಕೆ ಮುಖ ಮಾಡಿದೆ. ನಮ್ಮ ಕಡೆ ಯಾರೂ ದಕ್ಷಿಣಕ್ಕೆ ಬಾಗಿಲು ಇಡುವುದಿಲ್ಲ, ಅದು ಯಮನ ದಿಕ್ಕು. ಆ ಮನೆಗೆ ಬಾಗಿಲಷ್ಟೇ ಅಲ್ಲ, ಎರಡು ದೊಡ್ಡ ಕಿಡಕಿಗಳೂ ದಕ್ಷಿಣಕ್ಕೇ ಇವೆ.

"ಆವಾಗ ಹೇಳಿದ್ದೆ ನಾ," ಅಂದರು ಮಾವನವರು. "ಕೇಳಲಿಲ್ಲ. ಯಮಗ ತಾನ ಕದಾ ತಗದು ಕುಂತ."

ಆಮೇಲೆ ನನ್ನ ಕಡೆ ತಿರುಗಿ ಮುಂದುವರಿಸಿದರು.

"ಅಳಿಯಾರ, ಹಿಂಗ ಮಾಡೂದು. ಶಿವಗಣಾರಾಧನಿ ಮುಗೀಲಿ. ಆಮ್ಯಾಲ ಗೌಂಡಿನ್ನ ಕರಸಿ ಈ ಕದಾ, ಕಿಡಕಿ ಎಲ್ಲಾ ಕಲ್ಲು ಹಾಕಿ ಮುಚ್ಚಿಸೂದು. ಹಿಂದಿನ ಗ್ವಾಡಿ ಒಡದು ನಿಮ್ಮ ಮನಿ ಕಡೆಯಿಂದ ದಾರಿ ಮಾಡೂದು. ಎರಡೂ ಮನಿ ಕೂಡಿ ಒಂದು ಆಗ್ತಾವು. ಇನ್ನ ಮ್ಯಾಲ ಈ ತಾಯಿ ಮಗಳಿಗೂ ನೀವ ಹಿರೇರು."

ಒಳಗೆ ಅಕ್ಕಾರು, ಅಂದರೆ ಷಡ್ಡಕರ ಹೆಂಡತಿ, ಗೋಡೆಗೆ ಒರಗಿ ಕೂತಿದ್ದರು. ಮಗಳು ಅವರ ತೊಡೆಯ ಮೇಲೆ ಮಲಗಿತ್ತು. ಅವರಿಗೆ ಎಲ್ಲ ಕೇಳಿಸಿತ್ತು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ವರ್ಷಗಟ್ಟಲೆ ಯಾವ ಮನೆಯನ್ನು ನೋಡಿ ಒಳಗೊಳಗೇ ಬೆಂದಿದ್ದೆನೋ ಆ ಮನೆ ತಾನಾಗಿ ನನ್ನ ಕೈಗೆ ಬರುತ್ತಿತ್ತು. ಅದೂ ಕಣ್ಣು ಮುಚ್ಚಿಕೊಂಡು, ಬಿಸಿಲು ಬೆಳಕು ಇಲ್ಲದೆ.

ಜಾಗ ಹಂಚಿದ ದಿನದಿಂದಲೇ ನನ್ನ ಹೊಟ್ಟೆಕಿಚ್ಚು ಸುರುವಾಗಿತ್ತು.

ಎಪ್ಪತ್ತರ ದಶಕದ ಕೊನೆ. ಷಡ್ಡಕರು ಬಾಗಲಕೋಟೆಯಿಂದ ಹುನಗುಂದಕ್ಕೆ ವರ್ಗವಾಗಿ ಬಂದಿದ್ದರು. ಬಾಗಲಕೋಟೆಯಲ್ಲಿ ಆಗಲೇ ಮುಳುಗಡೆಯ ಮಾತು. ಅಲ್ಲಿ ಮನೆ ಕಟ್ಟುವ ಆಸೆ ಅವರು ಬಿಟ್ಟಿದ್ದರು. ನಾನು ಇಳಕಲ್ಲಿನ ನೇಕಾರರ ಸೊಸೈಟಿಯೊಂದರಲ್ಲಿ ಗುಮಾಸ್ತ. ಮಾವನವರು ಇಳಕಲ್ಲಿನ ಅಂಚಿನಲ್ಲಿದ್ದ ತಮ್ಮ ಒಂದು ತುಂಡು ಜಾಗವನ್ನು ಇಬ್ಬರು ಹೆಣ್ಣುಮಕ್ಕಳಿಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಉತ್ತರದ ಓಣಿ, ಇನ್ನೊಂದಕ್ಕೆ ದಕ್ಷಿಣದ ರಸ್ತೆ. ಎರಡರ ಬೆನ್ನು ಒಂದಕ್ಕೊಂದು ಹತ್ತಿದ್ದವು. ದಕ್ಷಿಣದ ಪಾಲು ಯಾರಿಗೂ ಬೇಡ. ಹಿರಿಯ ಅಳಿಯನಿಗೆ ಮೊದಲು ಆರಿಸುವ ಹಕ್ಕು. ಉತ್ತರದ್ದನ್ನು ಅವರು ತೆಗೆದುಕೊಳ್ಳುತ್ತಾರೆಂದು ನಾನು ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ.

"ನನಗ ದಕ್ಷಿಣದ್ದಿರಲಿ, ಮಾವಾರ," ಅಂದರು ಅವರು.

ಮಾವನವರು ಎದ್ದು ನಿಂತುಬಿಟ್ಟರು. "ಅದು ಯಮನ ದಿಕ್ಕರಿ!"

"ಯಮಾ ಬರೂದಿದ್ರ ಹಿತ್ತಲದಿಂದನೂ ಬರ್ತಾನ್ರಿ. ಅವಗ ಯಾವ ಮನಿ ದಾರಿ ಗೊತ್ತಿಲ್ಲ? ಶರಣರ ಮಕ್ಕಳಾಗಿ ನಾವು ದಿಕ್ಕಿಗೆ ಅಂಜಿದ್ರ ಹ್ಯಾಂಗ್ರಿ?"

ಮನೆಯವರೆಲ್ಲ ಅವರನ್ನು ಹೊಗಳಿದ್ದೇ ಹೊಗಳಿದ್ದು. ತಮ್ಮನಂಥ ಷಡ್ಡಕನಿಗೆ ಒಳ್ಳೆಯದನ್ನು ಬಿಟ್ಟುಕೊಟ್ಟ ಅಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ಅವರ ಕಾಲಿಗೆ ಬಿದ್ದಳು. ನಾನೂ ಬಿದ್ದೆ. ಸಂಜೆ ಇಬ್ಬರೇ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಅಂದರು:

"ಖರೆ ಹೇಳ್ಲೇನು? ನನಗ ಅದ ಬೇಕಾಗಿತ್ತು. ಥಂಡಿ ದಿನದಾಗ ಸೂರ್ಯಾ ದಕ್ಷಿಣಕ್ಕ ಬಾಗಿ ಹೋಗ್ತಾನ. ಆ ಬಿಸಿಲು ಮನಿಯೊಳಗ ಬರಬೇಕಂದ್ರ ದಕ್ಷಿಣ ತೆರದಿರಬೇಕು. ಉತ್ತರದ್ದು ಕೊಟ್ಟಿದ್ರ ನಾ ಅಳತಿದ್ದೆ."

ಬೇಕಾದ್ದನ್ನು ಪಡೆದುಕೊಂಡು ತ್ಯಾಗಿ ಅನ್ನಿಸಿಕೊಳ್ಳುವವರನ್ನು ಕಂಡರೆ ಯಾರಿಗಾದರೂ ಏನನಿಸಬೇಕು? ನಾನು ಅವರ ಕಾಲಿಗೆ ಬೇರೆ ಬಿದ್ದಿದ್ದೆ.

ಅವರ ಮನೆಯ ಲೆಕ್ಕವೆಲ್ಲ ಬಿಸಿಲಿನದು. ಬಿಸಿಲಿನ ಬಗ್ಗೆ ಅವರು ಬೀಗರ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು. "ಬಿಸಿಲು ಅಂದ್ರ ಬೀಗರಿದ್ದಂಗ. ಥಂಡ್ಯಾಗ ಒಳಗ ಕರದು ಪಡಸಾಲ್ಯಾಗ ಕುಂಡ್ರಸಬೇಕು. ಬ್ಯಾಸಗ್ಯಾಗ ಕಟ್ಟಿ ಮ್ಯಾಲ ಕುಂಡ್ರಿಸಿ ಅಲ್ಲಿಂದ ಹೊಳ್ಳಿ ಕಳಸಬೇಕು. ಸಿಟ್ಟಿಗೇಳಬಾರದು, ಒಳಗೂ ಬರಬಾರದು." ಅದಕ್ಕೆಂದು ಕಿಡಕಿ, ಬಾಗಿಲುಗಳ ಮೇಲೆ ಕಲ್ಲಿನ ಛಜ್ಜ ಚಾಚಿಸಿದರು. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಛಜ್ಜದ ನೆರಳು ಕಿಡಕಿಯನ್ನು ಮುಚ್ಚುತ್ತದೆ. ಥಂಡಿಯಲ್ಲಿ ಕೆಳಗೆ ಬಾಗುತ್ತಾನೆ, ಛಜ್ಜದ ಕೆಳಗಿಂದ ನುಸುಳಿ ಬಿಸಿಲು ಒಳಗೆ ಬರುತ್ತದೆ. ಅಷ್ಟೇ ಉಪಾಯ.

ಈ ಛಜ್ಜದ ಅಳತೆಗಾಗಿ ಅವರು ನನ್ನನ್ನು ಬಾದಾಮಿಗೆ ಕರೆದುಕೊಂಡು ಹೋದರು. ಜನ ಗುಹೆಗಳಲ್ಲಿ ಮೂರ್ತಿಗಳನ್ನು ನೋಡುತ್ತಿದ್ದರು. ಇವರು ಬಿಸಿಲು ಎಲ್ಲಿ ನಿಂತಿದೆ, ನೆರಳು ಎಲ್ಲಿಂದ ಸುರುವಾಗಿದೆ ನೋಡುತ್ತಿದ್ದರು. ಆಮೇಲೆ ಒಳಗಿನ ಗೋಡೆಗೆ ಗಲ್ಲ ಹಚ್ಚಿ ಕಣ್ಣು ಮುಚ್ಚಿಕೊಂಡು ನಿಂತರು. ಬಿಜಾಪುರದ ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ತನ್ನ ಕೂಸನ್ನು ಹತ್ತಿರ ಎಳೆದುಕೊಂಡು, "ಪಾಪ, ಯಾವಾಗಿಂದ ಹಿಂಗ?" ಎಂದು ನನ್ನನ್ನು ಕೇಳಿದಳು.

"ಮನೀ ಕಟ್ಟಸಾಕ ಹತ್ತಿದಾಗಿಂದ," ಅಂದೆ.

"ಅದಕ್ಕ ನಮ್ಮನಿಯವ್ರಿಗೆ ಬ್ಯಾಡಂದೀನಿ ನಾ," ಅಂದು ಮುಂದೆ ಹೋದಳು. ಷಡ್ಡಕರು ಗೋಡೆ ಬಿಡದೆಯೇ ನಕ್ಕರು.

ಗೋಡೆ ಮುಟ್ಟುವುದು ಅವರ ಚಟ. ಯಾರ ಮನೆಗೆ ಹೋದರೂ ಚಹಾ ಬರುವುದರೊಳಗೆ ಅಂಗೈಯ ಹಿಂಬದಿಯನ್ನು ಗೋಡೆಗೆ ಇಟ್ಟಿರುತ್ತಿದ್ದರು, ಮಕ್ಕಳಿಗೆ ಜ್ವರ ಬಂದಿದೆಯೋ ಇಲ್ಲವೋ ಎಂದು ತಾಯಿ ನೋಡಿದಂತೆ. ನನ್ನ ಮನೆಗೂ ಒಬ್ಬ ಗುತ್ತಿಗೆದಾರನನ್ನು ಹಿಡಿದಿದ್ದೆ. ಊರಲ್ಲಿ ಆಗ ಎಲ್ಲರೂ ಕಟ್ಟುತ್ತಿದ್ದಂಥ ಸ್ಲ್ಯಾಬಿನ ಮನೆ, ಪಡುವಣಕ್ಕೆ ಅಗಲವಾದ ಕಿಡಕಿಗಳು, ಅವಕ್ಕೆ ಬಣ್ಣದ ಗಾಜು. ಷಡ್ಡಕರು "ನಿಂದೂ ನಕಾಶಿ ನಾ ತೆಗೀತೇನಿ" ಅಂದಿದ್ದರು. ಮಾತು ಕೊಟ್ಟಾಗಿದೆ ಅಂದೆ. ಮನೆ ಹೊಕ್ಕ ದಿನ ಎಲ್ಲರೂ ಬಣ್ಣದ ಗಾಜನ್ನು ಹೊಗಳಿದರು. ಷಡ್ಡಕರು ಸಂಜೆ ಹೊತ್ತಿಗೆ ಪಡುವಣದ ಗೋಡೆಗೆ ಕೈ ಇಟ್ಟರು. ತೆಗೆದರು. ಕೈಯನ್ನು ಅಂಗಿಗೆ ಒರೆಸಿಕೊಂಡು ಹೋಳಿಗೆ ತಿನ್ನಲು ಕೂತರು. ಅವರು ಬೈದಿದ್ದರೂ ನಾನು ಅಷ್ಟು ಉರಿಯುತ್ತಿರಲಿಲ್ಲ.

ಅವರ ಮನೆಯಲ್ಲಿ ಪಡುವಣಕ್ಕೆ ಒಂದು ಕಿಡಕಿಯೂ ಇಲ್ಲ. ಬಚ್ಚಲು, ಕಟ್ಟಿಗೆಯ ಕೋಣೆ ಆ ಕಡೆ. ಸಂಜೆಯ ಬಿಸಿಲು ಸುಡುವುದಿದ್ದರೆ ಅವನ್ನೇ ಸುಡಲಿ ಎಂದು. ಗೋಡೆಗಳು ಕಲ್ಲು ಮಣ್ಣಿನವು, ಒಂದು ಮೊಳಕ್ಕಿಂತ ದಪ್ಪ. ನೆಲಕ್ಕೆ ಇಳಕಲ್ಲಿನ ಖಣಿಗಳಲ್ಲಿ ಒಡೆದು ಬಿಸಾಕಿದ ಕೆಂಪು ಕಲ್ಲಿನ ಚೂರುಗಳನ್ನು ತಂದು ತಾವೇ ಜೋಡಿಸಿದರು. ಮಾಳಿಗೆಯ ಮೇಲೆ ಗಡಿಗೆಗಳನ್ನು ಬೋರಲು ಹಾಕಿ, ಸಂದುಗಳಿಗೆ ಮಣ್ಣು ತುಂಬಿ, ಮೇಲೆ ಗಚ್ಚು ಮಾಡಿಸಿದರು. ಗಡಿಗೆಯೊಳಗಿನ ಗಾಳಿ ಬಿಸಿಲನ್ನು ಕೆಳಗೆ ಬಿಡುವುದಿಲ್ಲವಂತೆ. ಕುಂಬಾರನ ಬಂಡಿ ಬಂದ ದಿನ ಓಣಿಯ ಜನವೆಲ್ಲ ಸೇರಿತ್ತು.

"ಏನ್ರಿ, ಮನೀ ಕಟ್ಟಾಕ್ಹತ್ತೀರೋ, ಮಜ್ಜಿಗಿ ಅಂಗಡಿ ಹಾಕಾಕ್ಹತ್ತೀರೋ?" ಎಂದು ಯಾರೋ ಕೂಗಿದರು.

"ಮದಲ ಮನೀ ಆಗ್ಲಿ, ಮಜ್ಜಿಗಿ ಆಮ್ಯಾಲ ಕೊಡ್ತೇನಿ ಬಾರೋ," ಅಂದರು ಇವರು. ಮನೆ ಹೊಕ್ಕ ದಿನ ಬಂದವರಿಗೆಲ್ಲ ಮೊದಲು ಮಜ್ಜಿಗೆ ಕೊಡಿಸಿದರು. ನನ್ನ ಮನೆಗೆ ಹತ್ತಿದ ಖರ್ಚಿನ ಅರ್ಧಕ್ಕೇ ಅವರ ಮನೆ ಮುಗಿದಿತ್ತು. ಮೂರೇ ಜನ, ಅವರು, ಅಕ್ಕಾರು, ಒಬ್ಬಳೇ ಮಗಳು. ಒಂದು ಪಡಸಾಲೆ, ಒಂದು ಅಡಿಗೆಮನೆ, ಒಂದು ಖೋಲಿ. "ದೊಡ್ಡ ಮನೀಗೆ ದೊಡ್ಡ ಕಸಬರಿಗಿ ಬೇಕಾಗತೈತಿ" ಅನ್ನುತ್ತಿದ್ದರು. ನನಗೆ ನಾಲ್ಕು ಖೋಲಿಗಳಿದ್ದವು. ಅದು ನನ್ನನ್ನು ಕುರಿತೇ ಅಂದ ಮಾತು ಎಂದು ನಾನು ತಿಳಿದೆ.

ಮೊದಲ ಬೇಸಿಗೆಯಲ್ಲೇ ನನ್ನ ಮನೆ ಖಾಲಿಯಾಗತೊಡಗಿತು. ಊಟವಾದದ್ದೇ ಹೆಂಡತಿ "ಅಕ್ಕನ ಕಡೆ ಹೋಗಿ ಬರ್ತೇನಿ" ಅಂದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವಳು. ಮಕ್ಕಳು ಪಾಟಿ ಚೀಲ ಹಿಡಿದು ಅಲ್ಲಿಗೇ. ಗುಳೇದಗುಡ್ಡದಿಂದ ಅತ್ತೆ ಬಂದರೆ ನನ್ನ ಮನೆಯಲ್ಲಿ ಉಂಡು ಅಲ್ಲಿ ಮಲಗುವರು. ನಾನೊಬ್ಬನೇ ಬಣ್ಣದ ಗಾಜಿನ ಕೆಂಪು ಹಸಿರು ಬೆಳಕಿನಲ್ಲಿ ಬನಿಯನ್ ಬಿಚ್ಚಿ ಬೀಸಣಿಗೆ ಹಿಡಿದು ಕೂತಿರುತ್ತಿದ್ದೆ. ಗೋಡೆಯ ಆ ಕಡೆ ನನ್ನ ಮಕ್ಕಳ ನಗು ಕೇಳುತ್ತಿತ್ತು.

ಥಂಡಿಯಲ್ಲಿ ಇನ್ನೊಂದು ತರಹ. ಒಂದು ಕಬ್ಬಿಣದ ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ಸುತ್ತ ಹೊಟ್ಟು ತುಂಬಿ, ಮೇಲೆ ಗಾಜು ಮುಚ್ಚಿ ಅವರು ಮಾಳಿಗೆಯ ಮೇಲೆ ಇಟ್ಟಿದ್ದರು. ಹಗಲೆಲ್ಲ ಕಾದ ನೀರು ಸಂಜೆಗೆ ಕೈ ಇಡಲಾಗದಷ್ಟು ಬಿಸಿ. ಕತ್ತಲಾಗುವ ಮುಂಚೆ ಗಾಜಿನ ಮೇಲೆ ಗೋಣಿಚೀಲ ಹೊದಿಸಿದರೆ ಮುಂಜಾನೆಯ ಸ್ನಾನಕ್ಕೂ ಬೆಚ್ಚಗಿರುತ್ತಿತ್ತು. ಮೊದಲ ಡ್ರಮ್ಮು ಸೋರಿತು. ಹೊಟ್ಟಿನಲ್ಲಿ ಇಲಿ ಸೇರಿ ಮರಿ ಹಾಕಿದವು. ಗಾಜನ್ನು ಮಂಗ ಒಡೆದು ಹಾಕಿತು. ಪ್ರತಿ ಸಲವೂ ನಾನು ಮೇಲೆ ಹೋಗಿ "ಅಯ್ಯೋ ಪಾಪ" ಅಂದು ಬಂದೆ. ಪ್ರತಿ ಸಲವೂ ಅವರು ಮತ್ತೆ ಜೋಡಿಸಿದರು.

ನನ್ನ ಹೆಂಡತಿ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ಒಟ್ಟಿ, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿರುವಳು. ಆ ಕಡೆಯಿಂದ ಅಕ್ಕಾರು ಕೂಗುವರು: "ಏ ತಂಗೀ, ಆ ಹೊಗಿ ಯಾಕ ಕುಡೀತಿ? ಕೊಡಾ ಹಿಡ್ಕೊಂಡು ಬಾ." ಇವಳು ಕೊಡ ಹಿಡಿದು ಹೋಗುವಳು. ನನಗೆ ಆ ನೀರು ಬೇಡ ಅಂದೆ. ತಣ್ಣೀರು ಸ್ನಾನ ಮೈಗೆ ಒಳ್ಳೆಯದು ಅಂದೆ. ಪುಷ್ಯಮಾಸದ ಮುಂಜಾನೆ ಬಾವಿಯ ನೀರು ಸುರಿದುಕೊಂಡು ಹಲ್ಲು ಕಟಕಟ ಅನ್ನುತ್ತ ನಿಂತಿದ್ದೆ. ಗೋಡೆಯ ಆ ಕಡೆಯಿಂದ ಅವರ ದನಿ ಬಂತು.

"ತಮ್ಮಾ, ನೀರಿನ ಮ್ಯಾಲ ಸಿಟ್ಟೋ, ನನ್ನ ಮ್ಯಾಲ ಸಿಟ್ಟೋ?"

"ಯಾರ ಮ್ಯಾಲೂ ಇಲ್ರಿ," ಅಂದೆ. ಅನ್ನುವಾಗಲೇ ಸೀನು ಬಂತು. ಮೇಲೆ ಮೇಲೆ ಬಂತು.

"ಹಂಗಾರ ಈ ಸೀನು ನಂದ ಐತೇನು?"

ಅವರ ಬಚ್ಚಲಲ್ಲಿ ಅಕ್ಕಾರು, ನಮ್ಮ ಅಡಿಗೆಮನೆಯಲ್ಲಿ ನನ್ನ ಹೆಂಡತಿ, ಇಬ್ಬರೂ ನಕ್ಕರು. ಮರುದಿನ ಬಚ್ಚಲಿಗೆ ಹೋದರೆ ಬಿಸಿನೀರಿನ ಕೊಡ ಇತ್ತು. ಯಾವ ನೀರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂದಿನಿಂದ ಹಾಗೇ ನಡೆಯಿತು.

ಒಂದು ಸಂಕ್ರಮಣಕ್ಕೆ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೊರಟಿದ್ದೆವು. ಟ್ರ್ಯಾಕ್ಟರ್ ಬಂದು ನಿಂತಿದೆ, ಇವರು ಪಡಸಾಲೆಯಲ್ಲಿ ಅಂಗಾತ ಮಲಗಿದ್ದಾರೆ. ಮೈಯ ಅರ್ಧ ಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿ. ಛಜ್ಜ ಸರಿಯಾಗಿದೆಯೋ ಇಲ್ಲವೋ ನಡುಹಗಲಾದ ಹೊರತು ತಿಳಿಯದು ಅಂದರು. ಮಾವನವರಿಗೆ ಸಿಟ್ಟು ಬಂತು.

"ಇವತ್ತು ಸೂರ್ಯಾ ಉತ್ತರಕ್ಕ ಹೊಳ್ಳೂ ದಿನಾ. ಪುಣ್ಯದ ಹೊತ್ತಿನ್ಯಾಗ ಹೊಳಿಗೆ ಬರೂದು ಬಿಟ್ಟು ನೆಲಕ್ಕ ಬಿದ್ದೀರಲ್ಲಾ."

"ಸೂರ್ಯಾ ಆಗಲೇ ಹೊಳ್ಳ್ಯಾನ್ರಿ ಮಾವಾರ. ಮೂರು ವಾರದ ಮ್ಯಾಲ ಆತು. ನಾ ಇಲ್ಲೇ ಮಲಗಿ ನೋಡೇನಿ. ಅವಾ ಪಂಚಾಂಗ ಓದೂದಿಲ್ಲ."

"ಮತ್ತ ಊರೆಲ್ಲಾ ಇವತ್ತ ಯಾಕ ಹೊಳಿಗೆ ಹೊಂಟೈತಿ?"

"ಬುತ್ತಿ ಇವತ್ತ ಕಟ್ಟ್ಯಾರಲ್ರಿ, ಅದಕ್ಕ," ಅಂದು ಎದ್ದು ಬಂದು, ಟ್ರ್ಯಾಕ್ಟರಿನಲ್ಲಿ ಮಾವನವರ ಪಕ್ಕದಲ್ಲೇ ಕೂತರು. ಹುನಗುಂದ ದಾಟುವುದರೊಳಗೆ ಮಾವನವರು ನಗುತ್ತಿದ್ದರು. ಆ ಮನುಷ್ಯನ ಮೇಲೆ ಯಾರೂ ಬಹಳ ಹೊತ್ತು ಸಿಟ್ಟಾಗಿರುತ್ತಿರಲಿಲ್ಲ. ನಾನು ಮಾತ್ರ ಆಗಿರುತ್ತಿದ್ದೆ.

ನನಗೆ ಸಂತೋಷ ಕೊಟ್ಟ ದಿನವೂ ಒಂದಿದೆ. ಕನ್ನಡಿಯ ಮುಚ್ಚಳವಿದ್ದ ಬಿಸಿಲಿನ ಒಲೆಯೊಂದನ್ನು ಅವರು ಎಲ್ಲಿಂದಲೋ ತಂದಿದ್ದರು. ಬೆಂಕಿಯಿಲ್ಲದೆ ಬೇಳೆ ಬೇಯಿಸಿ ಉಣಿಸುತ್ತೇನೆಂದು ಮಾವನವರ ಬಳಗವನ್ನೆಲ್ಲ ಊಟಕ್ಕೆ ಕರೆದರು. ಮುಂಜಾನೆ ಬೇಳೆ, ಅಕ್ಕಿ ಡಬ್ಬಿಗಳಲ್ಲಿ ಇಟ್ಟರು. ಆಮೇಲೆ ಮೋಡ ಕವಿಯಿತು. ಬಳಗ ಬಂತು, ಕೂತಿತು, ಮಕ್ಕಳು ಅಳತೊಡಗಿದವು. ಮೂರು ಸಲ ಡಬ್ಬಿ ತೆಗೆದು ನೋಡಿದರೂ ಬೇಳೆ ಕಲ್ಲಿನ ಹಾಗೆ. ನಾನು ನನ್ನ ಹೆಂಡತಿಗೆ ಕಣ್ಣಸನ್ನೆ ಮಾಡಿದೆ. ಅವಳು ಒಲೆ ಹಚ್ಚಿ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಎಲ್ಲರೂ ನನ್ನ ಮನೆಗೆ ಬಂದು ಉಂಡರು. ನಾನೇ ನಿಂತು ಬಡಿಸಿದೆ. ಅಷ್ಟು ಹುರುಪಿನಿಂದ ನಾನು ಯಾರಿಗೂ ಬಡಿಸಿದ್ದಿಲ್ಲ.

ಅವರು ಸಪ್ಪೆ ಮುಖ ಮಾಡಿಕೊಂಡು ಕೂರಬಹುದು ಎಂದುಕೊಂಡಿದ್ದೆ. ಎಲ್ಲರಿಗಿಂತ ಹೆಚ್ಚು ರೊಟ್ಟಿ ತಿಂದವರು ಅವರೇ. "ಇವತ್ತು ಸೂರ್ಯಾ ರಜಾ ಹಾಕ್ಯಾನ. ಸರಕಾರಿ ನೌಕರಿ ನೋಡ್ರಿ, ಕೇಳವ್ರ್ಯಾರು?" ಅಂದರು. ಬಳಗವೆಲ್ಲ ಬಿದ್ದುಬಿದ್ದು ನಕ್ಕಿತು. ಇಂದಿಗೂ ಗುಳೇದಗುಡ್ಡದಲ್ಲಿ ಆ ಊಟದ ಮಾತು ಬಂದರೆ ಆ ನಗೆಯ ಮಾತನ್ನೇ ಹೇಳುತ್ತಾರೆ. ರೊಟ್ಟಿ ಯಾರ ಮನೆಯವು ಎಂದು ಯಾರೂ ಹೇಳುವುದಿಲ್ಲ.

ಇಂಥವರ ಮನೆಯನ್ನು ಮುಚ್ಚಿಸಲು ಗೌಂಡಿ ಬಂದ.

ಶಿವಗಣಾರಾಧನೆ ಮುಗಿದ ಮಾರನೆಯ ಮುಂಜಾನೆ. ಬಂಡಿಯಿಂದ ಕಲ್ಲು ಇಳಿಸುವ ಸಪ್ಪಳಕ್ಕೆ ನಾನು ಸುತ್ತುಹಾಕಿ ದಕ್ಷಿಣದ ರಸ್ತೆಗೆ ಬಂದೆ. ಮಾವನವರು ಕಟ್ಟೆಯ ಮೇಲಿದ್ದರು. ನನ್ನ ಹೆಂಡತಿ ಒಳಗಿನಿಂದ ಹಾಸಿಗೆ, ಪಾತ್ರೆ ಸರಿಸುತ್ತಿದ್ದಳು. ಅಕ್ಕಾರು ಹೊಸ್ತಿಲ ಒಳಗೆ ನಿಂತಿದ್ದರು, ಒಂದು ಕೈ ಕದದ ಮೇಲೆ. ಮಗಳು ಅವರ ಸೆರಗು ಹಿಡಿದಿತ್ತು.

"ಅಪ್ಪಾ, ಕದಾ ಮುಚ್ಚಿದ್ರ ಒಳಗ ಬೆಳಕು ಎಲ್ಲಿಂದ ಬರತೈತಿ?" ಅಂದರು ಅಕ್ಕಾರು.

"ಲೈಟ್ ಹಾಕ್ಕೋರಿ."

"ಅವರು ಹಗಲೊತ್ತು ಲೈಟ್ ಹಾಕಿದವರಲ್ಲ."

"ಅವರ ಮಾತು ಕೇಳಿನ ಹಿಂಗಾಗೈತಿ. ಇನ್ನೊಂದು ಜೀವಾ ಹೋಗಲಿ ಅಂತೀ ಏನು?" ಮಾವನವರು ಮಗುವಿನ ಕಡೆ ಕೈ ತೋರಿಸಿದರು. ಅವರು ಕೆಟ್ಟವರಲ್ಲ. ಮೊಮ್ಮಗಳಿಗೆ ಏನಾದೀತು ಎಂಬ ಅಂಜಿಕೆ ಅವರಿಗೆ ಖರೆಯೇ ಇತ್ತು.

ಅಕ್ಕಾರು ತಂದೆಯನ್ನು ಬಿಟ್ಟು ನನ್ನನ್ನು ನೋಡಿದರು. "ನೀವೇನಂತೀರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಗೌಂಡಿ ಕೂಡ ಕರಣಿ ಹಿಡಿದು ನೋಡುತ್ತ ನಿಂತ. ನಾನು ಹೂಂ ಅಂದರೆ ಮುಗಿಯಿತು. ಕಿಡಕಿಗಳ ಮೇಲೆ ಕಲ್ಲು ಏರುತ್ತದೆ. ಊರವರು ನೋಡಿ, ಆ ನಕಾಶೆಯವನ ಲೆಕ್ಕ ತಪ್ಪಿತ್ತು, ತನ್ನ ಮನೆಯೇ ತನ್ನನ್ನು ನುಂಗಿತು ಅನ್ನುತ್ತಾರೆ. ಅದು ನನಗೆ ಹಿತವಾಗಬೇಕಿತ್ತು. ಆಗಲಿಲ್ಲ. ತಪ್ಪಿದ ಲೆಕ್ಕಕ್ಕಾಗಿ ನಾನು ಇಷ್ಟು ವರ್ಷ ನಿದ್ದೆಗೆಟ್ಟೆನೇ? ನಾನು ಬೆಂದದ್ದು ಸುಳ್ಳಿಗಾಗಿಯೇ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಮಾವಾರ, ಈ ಮನಿ ಕಟ್ಟಿದಾಗಿಂದ ನನಗ ಹೊಟ್ಟಿಕಿಚ್ಚು ಐತ್ರಿ."

ಹೆಂಡತಿ ಪಾತ್ರೆ ಕೆಳಗಿಟ್ಟು ಹೊರಗೆ ಬಂದಳು. "ಏನ್ ಮಾತಾಡಾಕ್ಹತ್ತೀರಿ? ಹೊತ್ತು ಗೊತ್ತು ಇಲ್ಲೇನು?"

"ಖರೆ ಮಾತಾಡಾಕ್ಹತ್ತೇನಿ. ಬ್ಯಾಸಗ್ಯಾಗ ಪಟ್ಟೇನಿ, ಥಂಡ್ಯಾಗ ಪಟ್ಟೇನಿ. ನೀ ಇಲ್ಲಿ ಬಂದು ಮಲಗಿದಾಗ ಪಟ್ಟೇನಿ, ಕೊಡಾ ತಗೊಂಡು ಹೋದಾಗ ಪಟ್ಟೇನಿ." ಮಾವನವರ ಕಡೆ ತಿರುಗಿದೆ. "ಕೆಟ್ಟ ಮನಿ ಇದ್ರ ನಾ ಯಾಕ ಹೊಟ್ಟಿಕಿಚ್ಚು ಪಡ್ತಿದ್ನಿರಿ? ಇದರ ಗುಣಾ ನನಗಿಂತ ಚಲೋ ಯಾರಿಗೆ ಗೊತ್ತೈತಿ? ಒಳಗ ಇದ್ದವರಿಗೂ ಅಷ್ಟು ಗೊತ್ತಿಲ್ಲ. ದಿನಾ ಗ್ವಾಡಿ ಆ ಕಡೆ ಕುಂತು ಲೆಕ್ಕಾ ಹಾಕೇನಿ ನಾ. ಈ ಕದಾ ಮುಚ್ಚಬ್ಯಾಡ್ರಿ. ಗ್ವಾಡೀನೂ ಒಡೀಬ್ಯಾಡ್ರಿ. ನನಗ ಈ ಮನಿ ಬ್ಯಾಡ. ಇದು ಅವರದು."

ಮೊದಲು ನಕ್ಕವನು ಗೌಂಡಿ. "ಮೂವತ್ತು ವರ್ಷ ಮನಿ ಕಟ್ಟೇನ್ರಿ ಸಾವಕಾರ, ಹಿಂಗ ಯಾರೂ ಬಾಯಿಬಿಟ್ಟು ಹೇಳಿದ್ದು ಕೇಳಿಲ್ಲ," ಅಂದ.

ಮಾವನವರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ನೀವೂ ಅವರಂಗ ಮಾತಾಡಾಕ ಕಲತ್ರಿ, ಅಳಿಯಾರ," ಅಂದರು. ಆಮೇಲೆ "ಕಲ್ಲು ಹೊಳ್ಳಿ ಹೇರೋ," ಅಂದರು ಗೌಂಡಿಗೆ.

ಅಕ್ಕಾರು ಹೊಸ್ತಿಲ ಮೇಲೆಯೇ ಕುಸಿದು ಕೂತು ಅತ್ತರು. ಗಂಡ ಸತ್ತ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಅದಾಗಿ ಎರಡು ಬೇಸಿಗೆ ಕಳೆದವು. ತಾಯಿ, ಮಗಳು ಅದೇ ಮನೆಯಲ್ಲಿದ್ದಾರೆ. ಅಕ್ಕಾರಿಗೆ ಹುನಗುಂದದ ಕಚೇರಿಯಲ್ಲೇ ಸಣ್ಣ ಕೆಲಸ ಸಿಕ್ಕಿದೆ. ಮಗಳು ಶಾಲೆಯಿಂದ ಬಂದು ಡ್ರಮ್ಮಿನ ಮೇಲೆ ಗೋಣಿಚೀಲ ಹೊದಿಸುತ್ತದೆ. ನನ್ನ ಹೆಂಡತಿ ಮಧ್ಯಾಹ್ನ ಅಲ್ಲಿಗೇ ಹೋಗುತ್ತಾಳೆ. ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದು ಹೇಳಿದರೆ ಅದು ಸುಳ್ಳು. ಊರಿಗೆ ಹೊಸಬರು ಬಂದರೆ ಜನ ಅವರನ್ನು ದಕ್ಷಿಣದ ರಸ್ತೆಗೆ ಕರೆದುಕೊಂಡು ಹೋಗಿ ಆ ಮನೆ ತೋರಿಸುತ್ತಾರೆ. ಉತ್ತರದ ಓಣಿಗೆ ಯಾರೂ ಬರುವುದಿಲ್ಲ.

ಮೊನ್ನೆ ಪಂಚಮಿಗೆ ಗುಳೇದಗುಡ್ಡಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಅತ್ತೆ ಮೊದಲು ನನ್ನ ತಾಟಿಗೆ ಬಡಿಸಿದರು. ಹಿರಿಯ ಅಳಿಯನಿಗೆ ಬಡಿಸಿದ ಮೇಲೆಯೇ ಉಳಿದವರಿಗೆ ಬಡಿಸುವುದು ಆ ಮನೆಯ ರೀತಿ. ಲಗ್ನವಾದಾಗಿನಿಂದ ನಾನು ಷಡ್ಡಕರ ಎಡಗಡೆ ಕೂತು ಎರಡನೆಯವನಾಗಿ ಕಾದಿದ್ದೆ. ಈಗ ಕಾಯುವುದಿಲ್ಲ. ನನ್ನ ಬಲಗಡೆ ಕೂರುವವರು ಇಲ್ಲ.